ಪ್ಲೇ ಒತ್ತುವ ಮೊದಲು

ಕುಂದಾಪುರದ ಆಚೀಚೆಯ ಮನೆಗಳ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕೆಲಸ. ಮೊದಲು ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದೆ. ಅಲ್ಲಿಂದ ಈ ಕಡೆಗೆ ಬಂದೆ. ನನ್ನ ಬಳಿಗೆ ಬರುವುದರಲ್ಲಿ ಯಕ್ಷಗಾನ, ತಾಳಮದ್ದಳೆಯದ್ದು ಹೆಚ್ಚು. ಜೊತೆಗೆ ಮದುವೆಮನೆಯ ಶೋಭಾನೆ ಇರುತ್ತದೆ, ಗಲ್ಫಿನಿಂದ ಮಗ ಕಾಗದದ ಬದಲು ಮಾತಾಡಿ ಕಳಿಸಿದ ಕ್ಯಾಸೆಟ್ಟು ಇರುತ್ತದೆ, ಅಜ್ಜಿ ಹೇಳಿದ ಹಾಡು ಇರುತ್ತದೆ. ಕ್ಯಾಸೆಟ್ಟಿನೊಳಗಿನ ಧ್ವನಿ ವರ್ಷ ಕಳೆದ ಹಾಗೆ ತಾನಾಗಿಯೇ ಅಳಿಸಿಹೋಗುತ್ತದೆ ಎಂದು ಹೆಚ್ಚಿನವರು ನಂಬಿದ್ದಾರೆ. ನಾನು ಕಂಡದ್ದು ಬೇರೆ. ರೀಲಿನ ಮೇಲಿನ ಕಾಂತದ ಗುರುತು ಬಹಳ ಗಟ್ಟಿ. ಮೊದಲು ಕೆಡುವುದು ಅದರ ಸುತ್ತಲಿನ ಸಣ್ಣಪುಟ್ಟ ಬಿಡಿಭಾಗಗಳು. ಆಮೇಲೆ ತೇವ ಸೇರಿಕೊಳ್ಳುತ್ತದೆ. ಕೊನೆಗೆ ಪೂರ್ತಿ ಮುಗಿಸುವುದು ಕೆಟ್ಟ ಯಂತ್ರಕ್ಕೆ ಹಾಕಿ ಅವಸರದಲ್ಲಿ ಒತ್ತಿದ ಪ್ಲೇ ಗುಂಡಿ. ಈ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾದೀತೆಂದು ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಇನ್ನೊಂದು ಪ್ರತಿ ಎಲ್ಲಾದರೂ ಇದೆಯೇ ಎಂದು ಮೊದಲು ಕೇಳಬೇಕು

ಒಂದು ಚೀಲ ಕ್ಯಾಸೆಟ್ಟು ತಂದುಕೊಟ್ಟವರು ಸಾಮಾನ್ಯವಾಗಿ ಬಣ್ಣದ ಕವರು ಇರುವುದನ್ನು ಮೇಲಿಟ್ಟು ತರುತ್ತಾರೆ. ಭಾವಗೀತೆ, ಸಿನಿಮಾ ಹಾಡು, ದಾಸರ ಪದ. 1978ರಲ್ಲಿ ‘ನಿತ್ಯೋತ್ಸವ’ ಬಂದ ಮೇಲೆ ಕನ್ನಡದ ಭಾವಗೀತೆ ಕ್ಯಾಸೆಟ್ಟಿನ ಮೂಲಕವೇ ಮನೆಮನೆಗೆ ಹೋಯಿತು. ಅವುಗಳ ಮೇಲೆ ಮನೆಯವರಿಗೆ ಇರುವ ಪ್ರೀತಿ ಸಹಜ. ಆದರೆ ಅಂಗಡಿಯಲ್ಲಿ ಮಾರಿದ ಕ್ಯಾಸೆಟ್ಟಿಗೆ ಸಾವಿರಾರು ಅವಳಿಗಳಿವೆ, ಅದರ ಮೂಲ ಪ್ರತಿ ಕಂಪನಿಯಲ್ಲಿರುತ್ತದೆ, ಹಾಡುಗಳು ಇಂಟರ್‌ನೆಟ್ಟಿನಲ್ಲಿಯೂ ಸಿಗುತ್ತವೆ. ಅವು ಕಾಯಬಲ್ಲವು.

ಚೀಲದ ತಳದಲ್ಲಿ ಕವರಿಲ್ಲದೆ ಬಿದ್ದಿರುವುದು, ಬಾಲ್‌ಪೆನ್ನಿನಲ್ಲಿ ‘ಗದಾಪರ್ವ ಭಾಗ 2’ ಎಂದು ಬರೆದದ್ದು, ಏನನ್ನೂ ಬರೆಯದ್ದು, ನನ್ನ ಮೇಜಿಗೆ ಮೊದಲು ಬರಬೇಕು. ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತರ ಆಸುಪಾಸು. ಅವರು ಆಟದ ಬಯಲಿನಲ್ಲಿ ಹಾಡಿದ್ದರಲ್ಲಿ ಇಂದು ನಾವು ಕೇಳಲು ಸಾಧ್ಯವಾಗಿರುವ ಎಷ್ಟೋ ಭಾಗ, ರಂಗಸ್ಥಳದ ಬದಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕುಳಿತ ಅಭಿಮಾನಿಗಳು ಹಿಡಿದಿಟ್ಟದ್ದು. ತಾಳಮದ್ದಳೆಗಂತೂ ಕ್ಯಾಸೆಟ್ಟು ಹೇಳಿ ಮಾಡಿಸಿದ ಸಾಧನವಾಗಿತ್ತು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಮಾತೇ ಎಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ಒಂದೇ ಪಾತ್ರದ ಅರ್ಥವನ್ನು ಒಂದು ಊರಿನಲ್ಲಿ ಒಂದು ಬಗೆ, ಇನ್ನೊಂದು ಊರಿನಲ್ಲಿ ಇನ್ನೊಂದು ಬಗೆ ಬೆಳೆಸುತ್ತಿದ್ದರು. ಆ ಒಂದು ರಾತ್ರಿಯ ವಾದ ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ ಇರುತ್ತದೆ. ಅದು ಹೋದರೆ ಹೋಯಿತು.

2. ‘ಒಂದು ಸಲ ಹಾಕಿ ನೋಡುವ’ ಎನ್ನುವುದಕ್ಕೆ ಒಪ್ಪಬಾರದು

“ಒಂದ್ಸಲ ಹಾಕಿ ಕಾಂಬ ಮಾರಾಯ್ರೆ, ಎಂತ ಇತ್ತ್ ಅಂದೇಳಿ.” ತಂದವರು ಹೇಳುವ ಮೊದಲ ಮಾತು ಇದೇ. ತಂದೆಯ ಸ್ವರ ಅದರಲ್ಲಿದೆ ಎಂದು ಗೊತ್ತಿದ್ದವರಿಗೆ ತಡೆಯುವುದು ಕಷ್ಟ. ನಾನು ಒಪ್ಪುವುದಿಲ್ಲ, ಬೇಸರಪಟ್ಟರೂ ಒಪ್ಪುವುದಿಲ್ಲ.

ಎಷ್ಟೋ ಕ್ಯಾಸೆಟ್ಟುಗಳು ಕಪಾಟಿನಲ್ಲಿ ಮೂವತ್ತು ವರ್ಷ ಸುಮ್ಮನೆ ಇದ್ದು, ಅಟ್ಟದಿಂದ ಇಳಿಸಿದ ಹಳೆಯ ಟೂ-ಇನ್-ಒನ್‌ಗೆ ಹಾಕಿದ ಅರ್ಧ ನಿಮಿಷದಲ್ಲಿ ಹಾಳಾಗಿವೆ. ಕಾರಣ ಸರಳ. ಯಂತ್ರದೊಳಗೆ ರೀಲನ್ನು ಎಳೆಯುವುದು ಒಂದು ತೆಳು ಲೋಹದ ಕಡ್ಡಿ ಮತ್ತು ಅದಕ್ಕೆ ಒತ್ತಿಕೊಂಡಿರುವ ರಬ್ಬರ್ ರೋಲರ್. ಎಳೆದ ರೀಲನ್ನು ಸುತ್ತಿಕೊಳ್ಳುವುದು ಬಲಗಡೆಯ ಚಕ್ರ. ಆ ಚಕ್ರವನ್ನು ತಿರುಗಿಸುವ ಬೆಲ್ಟ್ ಸಡಿಲವಾದರೆ ಒಂದು ಕಡೆ ರೀಲು ಬರುತ್ತಲೇ ಇರುತ್ತದೆ, ಇನ್ನೊಂದು ಕಡೆ ಸುತ್ತಿಕೊಳ್ಳುವವರಿಲ್ಲ. ಅದು ರೋಲರಿಗೆ ಸುತ್ತಿ ನೆರಿಗೆ ನೆರಿಗೆಯಾಗಿ ಕಚ್ಚಿಕೊಳ್ಳುತ್ತದೆ. ಕ್ಯಾಸೆಟ್ಟಿನ ರೀಲು ಪಾಲಿಯೆಸ್ಟರಿನದು. ಎಳೆದರೆ ತುಂಡಾಗುವ ಮೊದಲು ಉದ್ದವಾಗುತ್ತದೆ. ತುಂಡಾದದ್ದನ್ನು ಜೋಡಿಸಬಹುದು. ಹಿಗ್ಗಿ ದಾರದಂತಾದದ್ದನ್ನು ಯಾರೂ ಮೊದಲಿನಂತೆ ಮಾಡಲಾರರು.

ಹಾಗಾಗಿ ಮೊದಲು ಕಣ್ಣಿನ ಪರೀಕ್ಷೆ. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಕಿಟಕಿಯೊಳಗಿನ ಸುತ್ತು ನೋಡುತ್ತೇನೆ. ಸುತ್ತಿನ ಮೈ ಕನ್ನಡಿಯಂತೆ ಸಮವಾಗಿದ್ದರೆ ಒಳ್ಳೆಯದು. ಒಂದೆರಡು ಎಳೆ ಮೇಲೆದ್ದಿದ್ದರೆ, ಅಂಚು ಅಲೆಯಲೆಯಾಗಿದ್ದರೆ, ಬಿಳಿ ಪುಡಿ ಕಂಡರೆ ಬೇರೆ ಬೇರೆ ಡಬ್ಬಿಗೆ ಹೋಗುತ್ತದೆ. ಆಮೇಲೆ ಬಾಯಿಯ ಕಡೆ ತಿರುಗಿಸಿ, ರೀಲಿನ ಹಿಂದೆ ಇರಬೇಕಾದ ಚಿಕ್ಕ ಉಣ್ಣೆಯ ತುಂಡು ಇದೆಯೇ ನೋಡುತ್ತೇನೆ. ಪೆನ್ಸಿಲ್ ತೂರಿಸಿ ನಿಧಾನ ಒಂದು ಸುತ್ತು ತಿರುಗಿಸಿದಾಗ ಕೈಗೆ ಬಿಗಿತ ಹತ್ತಿದರೆ ಅಲ್ಲಿಗೇ ನಿಲ್ಲಿಸುತ್ತೇನೆ.

3. ಕ್ಯಾಸೆಟ್ಟಿನ ಮಿತಿ ಅದರ ಹುಟ್ಟಿನಲ್ಲೇ ಇದೆ

1963ರಲ್ಲಿ ಫಿಲಿಪ್ಸ್ ಕಂಪನಿಯ ಲೂ ಒಟೆನ್ಸ್ ಮತ್ತು ಅವರ ತಂಡದವರು ಇದನ್ನು ಹೊರತಂದಾಗ ಮನಸ್ಸಿನಲ್ಲಿದ್ದದ್ದು ಕಿಸೆಗೆ ಹಿಡಿಯುವ, ಹೊತ್ತೊಯ್ಯಬಹುದಾದ ರೆಕಾರ್ಡರು. ಸಂಗೀತವನ್ನು ನೂರು ವರ್ಷ ಕಾಪಾಡುವ ಪೆಟ್ಟಿಗೆ ಅಲ್ಲ. ರೀಲಿನ ಅಗಲ 3.81 ಮಿಲಿಮೀಟರ್, ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಆ ಅಗಲದಲ್ಲಿ ಎರಡು ಬದಿಯ ಸ್ಟೀರಿಯೊ ಸೇರಿ ನಾಲ್ಕು ಪಟ್ಟಿ. 10,000 ಹರ್ಟ್ಸಿನ ಸ್ವರದ ಒಂದು ಅಲೆಗೆ ಈ ವೇಗದಲ್ಲಿ ಸಿಗುವ ಜಾಗ 5 ಮೈಕ್ರಾನಿಗಿಂತ ಕಡಿಮೆ. ರೀಲಿಗೂ ಅದರಿಂದ ಧ್ವನಿಯನ್ನು ಓದುವ ಹೆಡ್ಡಿಗೂ ನಡುವೆ 1 ಮೈಕ್ರಾನು ಕೊಳೆ ನಿಂತರೆ ಆ ಸ್ವರ 10 ಡೆಸಿಬೆಲ್‌ಗಿಂತ ಹೆಚ್ಚು ಕುಸಿಯುತ್ತದೆ. ಗೆಜ್ಜೆಯ ಸದ್ದು, ತಾಳದ ಕಂಚಿನ ಝೇಂಕಾರ, ಮಾತಿನ ಸ, ಶ, ಷಗಳ ಬಿಡಿ ಉಚ್ಚಾರ, ಎಲ್ಲವೂ ಆ ಎತ್ತರದಲ್ಲಿಯೇ ಇರುವುದು.

ಉದ್ದದ ಕ್ಯಾಸೆಟ್ಟುಗಳ ಸಂಕಟ ಇನ್ನೂ ಬೇರೆ. ಅರುವತ್ತು ನಿಮಿಷದ್ದರ ರೀಲು ಸುಮಾರು 18 ಮೈಕ್ರಾನು ದಪ್ಪ, ತೊಂಬತ್ತರದ್ದು 12, ನೂರಿಪ್ಪತ್ತರದ್ದು 9. ಅದೇ ಕವಚದೊಳಗೆ ಹೆಚ್ಚು ಉದ್ದ ಹಿಡಿಸಬೇಕೆಂದರೆ ತೆಳುವಾಗಿಸದೆ ವಿಧಿ ಇಲ್ಲ. ಇಡೀ ರಾತ್ರಿಯ ಪ್ರಸಂಗ ಹಿಡಿಯುವವರಿಗೆ ಮಧ್ಯದಲ್ಲಿ ತಿರುಗಿಸಿ ಹಾಕುವಷ್ಟರಲ್ಲಿ ಪದ ತಪ್ಪಿಹೋಗುತ್ತಿತ್ತು. ಆದ್ದರಿಂದ ತೊಂಬತ್ತರದ್ದನ್ನೇ ಕೊಳ್ಳುತ್ತಿದ್ದರು, ಸಿಕ್ಕಿದರೆ ನೂರಿಪ್ಪತ್ತರದ್ದು. ಅತ್ಯಂತ ಅಪರೂಪದ ಧ್ವನಿ ಅತ್ಯಂತ ತೆಳು ರೀಲಿನ ಮೇಲೆ ಕುಳಿತದ್ದು ಹೀಗೆ. ನೂರಿಪ್ಪತ್ತರ ಕ್ಯಾಸೆಟ್ಟು ಕಂಡರೆ ನಾನು ಫಾಸ್ಟ್ ಫಾರ್ವರ್ಡ್, ರಿವೈಂಡ್ ಎರಡನ್ನೂ ಮುಟ್ಟುವುದಿಲ್ಲ. ಸುತ್ತಬೇಕಿದ್ದರೆ ಪ್ಲೇ ವೇಗದಲ್ಲಿಯೇ ಸುತ್ತಿಸುತ್ತೇನೆ.

4. ನಮ್ಮ ಕರಾವಳಿಯಲ್ಲಿ ಮೊದಲ ಶತ್ರು ಬೂಷ್ಟು

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ. ಜೂನಿನಿಂದ ಸೆಪ್ಟೆಂಬರ್ ವರೆಗೆ ಮನೆಯೊಳಗಿನ ಬಟ್ಟೆಯೇ ಒಣಗುವುದಿಲ್ಲ. ಗಾಳಿಯ ತೇವಾಂಶ ಶೇಕಡಾ 65 ದಾಟಿ ಹಾಗೆಯೇ ನಿಂತರೆ ಬೂಷ್ಟು ಬೆಳೆಯಲು ಶುರು. ನಮ್ಮಲ್ಲಿ ಅದು 85-90ರಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ರೀಲಿನ ಮೇಲೆ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು, ಜಾರಲೆಂದು ಸೇರಿಸಿದ ಎಣ್ಣೆಯಂಶ, ಮುಟ್ಟಿದವರ ಬೆರಳಿನ ಜಿಡ್ಡು, ಕವರಿನ ಕಾಗದ, ಎಲ್ಲವೂ ಬೂಷ್ಟಿಗೆ ಆಹಾರ.

ಹತ್ತಿರದಿಂದ ನೋಡಿದರೆ ಅದು ಸುತ್ತಿನ ಮೈಮೇಲೆ ಉಪ್ಪಿನಕಾಯಿ ಭರಣಿಯಲ್ಲಿ ಕಟ್ಟುವ ಬಿಳಿ ಪದರದ ಹಾಗೆ ಕಾಣುತ್ತದೆ. ಕೆಲವು ಕಡೆ ಚುಕ್ಕೆ, ಕೆಲವು ಕಡೆ ನಡುವಿನಿಂದ ಅಂಚಿಗೆ ಹರಡಿದ ನೂಲಿನಂಥ ಬೇರು. ಆ ಬೇರು ಒಂದು ಸುತ್ತನ್ನು ಪಕ್ಕದ ಸುತ್ತಿಗೆ ಹೊಲಿದುಬಿಟ್ಟಿರುತ್ತದೆ. ಈ ಸ್ಥಿತಿಯಲ್ಲಿ ಎಳೆದರೆ ಅಂಚು ಹರಿಯುತ್ತದೆ, ಕಂದು ಲೇಪವೇ ಕಿತ್ತು ಬರುತ್ತದೆ. ಒಂದು ಬೂಷ್ಟಿನ ಕ್ಯಾಸೆಟ್ಟನ್ನು ಆಡಿಸಿದ ಯಂತ್ರದಲ್ಲಿ ಒಳ್ಳೆಯ ಕ್ಯಾಸೆಟ್ಟು ಹಾಕಿದರೆ ಅದಕ್ಕೂ ಬೀಜ ಹಚ್ಚಿದಂತೆ. ಉಸಿರಾಟದ ತೊಂದರೆ ಇರುವವರು ಇದನ್ನು ತೆರೆಯಲೇಬಾರದು. ನಾನು ಮಾಸ್ಕು, ಕೈಗವಸು ಹಾಕಿಕೊಂಡು, ಮನೆಯ ಹೊರಗೆ ಗಾಳಿಯಾಡುವಲ್ಲಿ ಕುಳಿತು ಮಾಡುತ್ತೇನೆ.

ಮಾಡುವ ಕ್ರಮ ಇಷ್ಟು. ಮೊದಲು ಆ ಕ್ಯಾಸೆಟ್ಟನ್ನು ಬೇರೆಯದರಿಂದ ಬೇರ್ಪಡಿಸಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಕೆಲವು ವಾರ ಇಡುವುದು. ತೇವ ಹೋದಾಗ ಬೂಷ್ಟು ಸಾಯುವುದಿಲ್ಲ, ಆದರೆ ಒಣಗಿ ಪುಡಿಯಾಗುತ್ತದೆ; ಹಸಿಯಾಗಿದ್ದಾಗ ಒರೆಸಿದರೆ ಮೆತ್ತಿಕೊಳ್ಳುವುದು ಒಣಗಿದ ಮೇಲೆ ಉದುರುತ್ತದೆ. ಆಮೇಲೆ ಕವಚ ಬಿಚ್ಚಿ, ಸುತ್ತನ್ನು ಮೃದುವಾದ ಕುಂಚದಿಂದ ಕೊಡವಿ, ರೀಲನ್ನು ಕೈಯಲ್ಲಿ ನಿಧಾನವಾಗಿ ಸುತ್ತುತ್ತ ಎರಡು ಒಣ, ನೂಲು ಬಿಡದ ಬಟ್ಟೆಯ ನಡುವೆ ಹಾಯಿಸುವುದು. ನೀರು ಬೇಡ. ಸ್ಪಿರಿಟ್ಟು ರೀಲಿಗೆ ಬೇಡವೇ ಬೇಡ. ಒಂದು ಕ್ಯಾಸೆಟ್ಟಿಗೆ ಅರ್ಧ ದಿನ ಹೋದರೂ ಹೋಗಲಿ. ಪ್ರತಿ ಬೂಷ್ಟಿನ ಕ್ಯಾಸೆಟ್ಟು ಆಡಿದ ಮೇಲೆ ಹೆಡ್, ಕಡ್ಡಿ, ದಾರಿಯ ಎಲ್ಲ ಲೋಹದ ಭಾಗಗಳನ್ನು ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ಔಷಧದಂಗಡಿಯ ಸಾಧಾರಣ ಸ್ಪಿರಿಟ್ಟಿನಲ್ಲಿ ನೀರಿರುತ್ತದೆ. ಅದು ಈ ಕೆಲಸಕ್ಕಲ್ಲ.

5. ಅಕ್ಕಿಕಾಳಿಗಿಂತ ತುಸು ದೊಡ್ಡ ಉಣ್ಣೆಯ ತುಂಡು

ಕ್ಯಾಸೆಟ್ಟಿನ ಬಾಯಿಯ ನಡುವೆ ಒಂದು ಚಿಕ್ಕ ಉಣ್ಣೆಯ ತುಂಡು ಇರುತ್ತದೆ. ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದರ ಕೆಲಸ. ಒಳ್ಳೆಯ ಕ್ಯಾಸೆಟ್ಟಿನಲ್ಲಿ ಅದನ್ನು ತಾಮ್ರ ಬಣ್ಣದ ತೆಳು ಲೋಹದ ಸ್ಪ್ರಿಂಗಿಗೆ ಅಂಟಿಸಿರುತ್ತಾರೆ. ಅಗ್ಗದ್ದರಲ್ಲಿ ಬರೀ ಸ್ಪಂಜು. ಸ್ಪಂಜು ಇಪ್ಪತ್ತು ವರ್ಷಕ್ಕೆ ಪುಡಿಯಾಗುತ್ತದೆ. ಸ್ಪ್ರಿಂಗಿನ ಅಂಟು ಒಣಗಿ ಉಣ್ಣೆ ಉದುರುತ್ತದೆ. ಉದುರಿದ್ದು ಕವಚದೊಳಗೇ ಎಲ್ಲೋ ಸಿಕ್ಕಿರುತ್ತದೆ, ಅಲ್ಲಾಡಿಸಿದರೆ ಸದ್ದಾಗುತ್ತದೆ.

ಇದು ಬಿದ್ದ ಕ್ಯಾಸೆಟ್ಟನ್ನು ಹಾಕಿದಾಗ ಧ್ವನಿ ಬರುತ್ತದೆ, ಆದರೆ ಕಂಬಳಿ ಹೊದ್ದುಕೊಂಡು ಮಾತಾಡಿದಂತೆ ಮಂಕು. ಒಮ್ಮೆ ಏರುತ್ತದೆ, ಒಮ್ಮೆ ಅಡಗುತ್ತದೆ. ಮನೆಯವರು ‘ಅಳಿಸಿಹೋಗಿದೆ’ ಎಂದು ತೀರ್ಮಾನಿಸಿ ಎಸೆಯುವ ಕ್ಯಾಸೆಟ್ಟುಗಳಲ್ಲಿ ಹಲವು ಇಂಥವು. ಏನೂ ಅಳಿಸಿಲ್ಲ. ಈ ಒಂದು ಮಾತನ್ನು ಎಷ್ಟು ಜನರಿಗೆ ಹೇಳಲು ಸಾಧ್ಯವೋ ಅಷ್ಟು ಜನರಿಗೆ ಹೇಳಬೇಕೆಂದು ನನಗೆ ಆಸೆ.

ನಾನು ಹೊಸ ಉಣ್ಣೆ ಅಂಟಿಸುವ ಗೋಜಿಗೆ ಹೋಗುವುದಿಲ್ಲ, ಇಡೀ ರೀಲನ್ನು ಬೇರೆ ಕವಚಕ್ಕೆ ಬದಲಿಸುತ್ತೇನೆ. ದಾನಿ ಕವಚವಾಗಿ ಐದು ಸ್ಕ್ರೂ ಇರುವ ಒಳ್ಳೆಯ ಕ್ಯಾಸೆಟ್ಟೇ ಬೇಕು. ರೋಗಿ ಕ್ಯಾಸೆಟ್ಟಿಗೂ ಸ್ಕ್ರೂ ಇದ್ದರೆ ಸುಲಭ. ಕಾರ್ಖಾನೆಯಲ್ಲಿ ಬೆಸೆದು ಮುಚ್ಚಿದ್ದಾದರೆ ಬ್ಲೇಡಿನಿಂದ ಅಂಚಿನ ಗೆರೆಯುದ್ದಕ್ಕೂ ಸ್ವಲ್ಪಸ್ವಲ್ಪವೇ ಬಿಡಿಸಬೇಕು, ಬ್ಲೇಡಿನ ತುದಿ ಒಳಗಿನ ಸುತ್ತಿಗೆ ತಾಗಬಾರದು. ತೆರೆದ ಕೂಡಲೇ ಮೊಬೈಲಿನಲ್ಲಿ ಒಂದು ಫೋಟೊ. ರೀಲು ಯಾವ ರೋಲರಿನ ಹೊರಗಿಂದ, ಯಾವ ಕಂಬದ ಒಳಗಿಂದ ಹೋಗಿದೆ ಎಂಬುದು ಅದರಲ್ಲಿ ಇರಲಿ. ಸುತ್ತಿನ ಮೇಲೂ ಕೆಳಗೂ ಇರುವ ತೆಳು ಹಾಳೆಗಳನ್ನು ಹೊಸ ಕವಚದಲ್ಲೂ ಇಡಬೇಕು, ಅವಿಲ್ಲದಿದ್ದರೆ ಸುತ್ತು ಕವಚಕ್ಕೆ ಉಜ್ಜುತ್ತದೆ. ಎರಡು ಚಕ್ರಗಳನ್ನೂ ಒಟ್ಟಿಗೆ ಎರಡು ಕೈಯಲ್ಲಿ ಎತ್ತಿ ಒಟ್ಟಿಗೆ ಇಳಿಸಬೇಕು. ಸ್ಕ್ರೂ ಬಿಗಿಯುವಾಗ ಮೂಲೆಯಿಂದ ಎದುರು ಮೂಲೆಗೆ, ಒಂದನ್ನೇ ಪೂರ್ತಿ ಬಿಗಿಯದೆ. ಹಳೆಯ ಕವಚವನ್ನು ಎಸೆಯಬೇಡಿ. ಅದರ ಮೇಲಿನ ಕೈಬರಹ ಬೇಕು.

6. ಓವನ್ನಿಗೆ ಹಾಕುವ ಚಿಕಿತ್ಸೆ ಕ್ಯಾಸೆಟ್ಟಿಗಲ್ಲ

ವೀಡಿಯೊ ನೋಡಿದವರು ಕೇಳುತ್ತಾರೆ: ಅಂಟಂಟಾದ ಟೇಪನ್ನು ಬಿಸಿ ಮಾಡಿದರೆ ಸರಿಹೋಗುತ್ತದಂತೆ? ಅದು ನಿಜವಾದ ವಿಧಾನವೇ. ಎಪ್ಪತ್ತು, ಎಂಬತ್ತರ ದಶಕದ, ಹಿಂಬದಿಗೂ ಲೇಪ ಇದ್ದ ಕೆಲವು ದೊಡ್ಡ ಸ್ಟುಡಿಯೊ ರೀಲುಗಳಲ್ಲಿ ಅಂಟು ಗಾಳಿಯ ನೀರನ್ನು ಹೀರಿ ಕೊಳೆಯುತ್ತಿತ್ತು. ಅವನ್ನು 50 ಡಿಗ್ರಿಯ ಆಸುಪಾಸಿನಲ್ಲಿ, ಕರಾರುವಾಕ್ಕಾದ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಇಟ್ಟು ಒಮ್ಮೆ ಆಡಿಸಿ ಇಳಿಸಿಕೊಳ್ಳುತ್ತಾರೆ. ಕ್ಯಾಸೆಟ್ಟಿನಲ್ಲಿ ಈ ರೋಗ ಅಪರೂಪ. ಅಡುಗೆಮನೆಯ ಓವನ್ ಹೇಳಿದ ಬಿಸಿಯಲ್ಲಿ ನಿಲ್ಲುವುದೂ ಇಲ್ಲ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಏಪ್ರಿಲ್ ಬಿಸಿಲಿಗೆ ಬಿಟ್ಟ ಕ್ಯಾಸೆಟ್ಟು ಸೊಟ್ಟಗಾದದ್ದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಿರ್ರ್ ಎಂದು ಕಿರುಚುವ ಕ್ಯಾಸೆಟ್ಟಿಗೆ ಮೊದಲು ಹೊಸ ಕವಚ ಹಾಕಿ ನೋಡಿ, ಹೆಚ್ಚಿನವು ಅಷ್ಟಕ್ಕೇ ಸುಮ್ಮನಾಗುತ್ತವೆ.

7. ಅಯಸ್ಕಾಂತದ ಭಯ ಸ್ವಲ್ಪ ಸಾಕು

ಸ್ಪೀಕರಿನ ಮೇಲೆ ಕ್ಯಾಸೆಟ್ಟು ಇಡಬಾರದು, ನಿಜ. ಆದರೆ ಅಯಸ್ಕಾಂತದ ಬಲ ದೂರ ಹೋದಂತೆ ಬೇಗ ಇಳಿಯುತ್ತದೆ. ಒಂದು ಗೇಣು ದೂರದ ಕಪಾಟಿನಲ್ಲಿದ್ದದ್ದಕ್ಕೆ ಏನೂ ಆಗುವುದಿಲ್ಲ. ಧ್ವನಿ ನಿಜವಾಗಿ ಅಳಿಸಿಹೋಗಿರುವುದು ಹೆಚ್ಚಾಗಿ ಮನುಷ್ಯರ ಕೈಯಿಂದ, ಅದರ ಮೇಲೆ ಇನ್ನೊಂದನ್ನು ರೆಕಾರ್ಡ್ ಮಾಡಿದ್ದರಿಂದ. ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಯ ಪ್ಲಾಸ್ಟಿಕ್ ಚೂರು ಮುರಿದರೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ. ಮುರಿದ ಮೇಲೂ ಅಲ್ಲಿ ಸೆಲ್ಲೊಟೇಪ್ ಅಂಟಿಸಿ ಮತ್ತೆ ರೆಕಾರ್ಡ್ ಮಾಡಿದ ಕ್ಯಾಸೆಟ್ಟುಗಳು ಬೇಕಾದಷ್ಟು ಬರುತ್ತವೆ. ಅದನ್ನು ಕಂಡ ಕೂಡಲೇ ಒಳಗಿನ ಧ್ವನಿಯಲ್ಲಿ ಎರಡು ಕಾಲದ ತುಂಡುಗಳಿವೆ ಎಂದು ತಿಳಿದು ಕೊನೆಯವರೆಗೂ ಕೇಳುತ್ತೇನೆ. ಸಿನಿಮಾ ಹಾಡು ಮುಗಿದ ಮೇಲೆ, ಕೊನೆಯ ಐದಾರು ನಿಮಿಷದಲ್ಲಿ, ಮೊದಲಿನ ತಾಳಮದ್ದಳೆಯ ತುಣುಕು ಉಳಿದಿರುವುದುಂಟು. ಮೊದಲಿನ ಹಾಡು ಕೇಳಿ ‘ಇದು ಬೇಡ’ ಎಂದು ತೆಗೆದಿಟ್ಟರೆ ಅದು ಸಿಗುವುದಿಲ್ಲ.

8. ಮಾತಿಗೆ ಮುಂಚೆ ಮಾತಿನ ನೆರಳು

ನಿಶ್ಶಬ್ದದಲ್ಲಿ, ಭಾಗವತರು ಪದ ಎತ್ತುವ ಒಂದೆರಡು ಸೆಕೆಂಡು ಮೊದಲೇ, ಅದೇ ಪದ ಬಹಳ ಸಣ್ಣಗೆ ಕೇಳಿಸುತ್ತದೆ. ಕೆಲವರು ಇದನ್ನು ಇನ್ನೊಂದು ಬದಿಯ ಧ್ವನಿ ಎಂದುಕೊಳ್ಳುತ್ತಾರೆ. ಇನ್ನೊಂದು ಬದಿಯದ್ದಾದರೆ ಅದು ತಿರುಗುಮುರುಗಾಗಿ ಕೇಳಬೇಕು. ಇದು ಸುತ್ತಿನಲ್ಲಿ ಒಂದರ ಮೇಲೊಂದು ಕುಳಿತ ಪದರಗಳ ನಡುವೆ ಕಾಂತ ಹಾಯುವುದರಿಂದ ಆಗುವಂಥದ್ದು. ತೆಳು ರೀಲಿನಲ್ಲಿ ಹೆಚ್ಚು, ಬಿಸಿಯಲ್ಲಿಟ್ಟರೆ ಇನ್ನೂ ಹೆಚ್ಚು. ಆಡಿಸುವ ಮೊದಲು ಒಂದೆರಡು ಸಲ ಆಚೆಗೂ ಈಚೆಗೂ ಸುತ್ತಿದರೆ ಸ್ವಲ್ಪ ಇಳಿಯುತ್ತದೆ. ರೀಲು ತಡೆಯುವಂತಿದ್ದರೆ ಮಾತ್ರ ಹಾಗೆ ಮಾಡುತ್ತೇನೆ. ಪೂರ್ತಿ ಹೋಗುವುದಿಲ್ಲ. ಹೋಗಲಿಲ್ಲವೆಂದು ಕಂಪ್ಯೂಟರಿನಲ್ಲಿ ಆ ನಿಶ್ಶಬ್ದವನ್ನೇ ಕತ್ತರಿಸಬೇಡಿ. ಆ ಕ್ಷಣದಲ್ಲಿ ಭಾಗವತರ ಉಸಿರು ಇರುತ್ತದೆ.

9. ಹೆಡ್ಡಿನ ಓರೆಯನ್ನು ಪ್ರತಿ ಕ್ಯಾಸೆಟ್ಟಿಗೂ ಹೊಂದಿಸಬೇಕು

ಈ ಕೆಲಸದಲ್ಲಿ ಒಂದನ್ನು ಮಾತ್ರ ಕಲಿಯಲು ಸಮಯವಿದೆ ಎನ್ನುವವರಿಗೆ ನಾನು ಇದನ್ನೇ ಕಲಿಸುತ್ತೇನೆ. ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಪೂರದ ಒಂದು ಸೀಳು ಇದೆ. ಅದು ರೀಲಿಗೆ ಸರಿಯಾಗಿ ಲಂಬವಾಗಿ ನಿಂತಿರಬೇಕು. ಆದರೆ ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡೇ ಓರೆಯಾಗಿದ್ದರೆ ಧ್ವನಿಯೂ ಅದೇ ಓರೆಯಲ್ಲಿ ಬರೆದುಕೊಂಡಿರುತ್ತದೆ. ಆಟದ ಬಯಲಿಗೆ ಹೊತ್ತು ತಿರುಗಿದ ಟೇಪ್ ರೆಕಾರ್ಡರುಗಳಲ್ಲಿ ನೆಟ್ಟಗಿದ್ದದ್ದು ಕಡಿಮೆ. ಲಕ್ಷ ರೂಪಾಯಿಯ ಡೆಕ್ ಆದರೂ, ಆ ಓರೆಗೆ ಹೊಂದಿಸದಿದ್ದರೆ ಬರುವುದು ಮಂಕು ಧ್ವನಿಯೇ.

ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಕ್ಯಾಸೆಟ್ಟು ಆಡುತ್ತಿರುವಾಗ, ಕಾಂತವಿಲ್ಲದ ಸ್ಕ್ರೂಡ್ರೈವರಿನಿಂದ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೇಳಬೇಕು. ಎರಡು ಚಾನೆಲ್ಲನ್ನೂ ಸೇರಿಸಿ ಮೋನೊ ಮಾಡಿಕೊಂಡು ಕೇಳಿದರೆ ತಪ್ಪು ಎದ್ದು ಕಾಣುತ್ತದೆ. ಮದ್ದಳೆಯನ್ನೋ ಚೆಂಡೆಯನ್ನೋ ಕೇಳುತ್ತ ಕೂರಬೇಡಿ, ಅವು ಹೇಗಿದ್ದರೂ ಕೇಳುತ್ತವೆ. ಭಾಗವತರ ಕೈಯ ತಾಳವನ್ನು ಹಿಡಿದುಕೊಳ್ಳಿ. ಸ್ಕ್ರೂ ಸರಿಯಾದ ಜಾಗಕ್ಕೆ ಬಂದ ಕೂಡಲೇ ತಾಳದ ಪೆಟ್ಟು ತಗಡಿನ ಸದ್ದಾಗಿದ್ದದ್ದು ಕಂಚಿನ ಸದ್ದಾಗುತ್ತದೆ. ತಾಳಮದ್ದಳೆಯ ಅರ್ಥದ ಭಾಗವಾದರೆ ‘ಸ’ ಮತ್ತು ‘ಶ’ ಬೇರೆ ಬೇರೆಯಾಗಿ ಕೇಳುವ ಜಾಗ. ಕ್ಯಾಸೆಟ್ಟು ತಿರುಗಿಸಿ ಹಾಕಿದಾಗ ಮತ್ತೆ ಮೊದಲಿನಿಂದ ಹೊಂದಿಸಬೇಕು, ಎರಡನೆಯ ಬದಿಯ ಓರೆ ಬೇರೆ.

ಇನ್ನೊಂದು ಸಂಗತಿ. ಹಳೆಯ ರೆಕಾರ್ಡರುಗಳಲ್ಲಿ ಹೆಚ್ಚಿನವು ಮೋನೊ, ಒಂದೇ ಅಗಲದ ಪಟ್ಟಿ. ಸ್ಟೀರಿಯೊ ಡೆಕ್ಕಿನಲ್ಲಿ ಅದೇ ಧ್ವನಿ ಎರಡು ಸಲ, ಎರಡು ಚಾನೆಲ್ಲಿನಲ್ಲಿ ಬರುತ್ತದೆ. ಎಡ ಚಾನೆಲ್ಲು ರೀಲಿನ ಅಂಚಿನ ಕಡೆಯದು, ಬಲದ್ದು ಒಳಗಿನದು. ಅಂಚು ಜಜ್ಜಿದ, ಬೂಷ್ಟು ಹಿಡಿದ ರೀಲಿನಲ್ಲಿ ಎಡಗಡೆ ಹರಿದ ಹಾಗೆ ಕೇಳಿದರೂ ಬಲಗಡೆ ಎಷ್ಟೋ ಶುದ್ಧವಾಗಿರುತ್ತದೆ. ಅದಕ್ಕೇ ಮೋನೊ ಕ್ಯಾಸೆಟ್ಟನ್ನೂ ಎರಡು ಚಾನೆಲ್ಲಾಗಿಯೇ ಇಳಿಸಿಕೊಳ್ಳುತ್ತೇನೆ.

10. ವೇಗವನ್ನು ಗಡಿಯಾರದಿಂದಲ್ಲ, ಶ್ರುತಿಯಿಂದ ತಿಳಿಯಬೇಕು

ರಾತ್ರಿ ಹತ್ತಕ್ಕೆ ಶುರುವಾದ ಆಟದಲ್ಲಿ ಬೆಳಗಿನ ಜಾವದ ಹೊತ್ತಿಗೆ ರೆಕಾರ್ಡರಿನ ಸೆಲ್ಲು ಇಳಿದಿರುತ್ತಿತ್ತು. ಮೋಟರು ನಿಧಾನವಾಗಿ ಓಡುತ್ತ ರೆಕಾರ್ಡ್ ಮಾಡಿದ್ದು, ಈಗ ಸರಿಯಾದ ವೇಗದಲ್ಲಿ ಆಡಿಸಿದಾಗ ಅವಸರವಾಗಿ, ಎತ್ತರದ ಶ್ರುತಿಯಲ್ಲಿ ಕೇಳುತ್ತದೆ. ವೇಗ ಶೇಕಡಾ 6ರಷ್ಟು ಹೆಚ್ಚಾದರೆ ಶ್ರುತಿ ಒಂದು ಮನೆ ಮೇಲೇರುತ್ತದೆ. ಕಪ್ಪು ಎರಡರಲ್ಲಿ ಹಾಡಿದ್ದು ಬಿಳಿ ಮೂರಾಗುತ್ತದೆ. ಸೆಲ್ಲು ಇಳಿಯುತ್ತ ಹೋದ ಹಾಗೆ ಶ್ರುತಿ ಏರುತ್ತ ಹೋಗುತ್ತದೆ. ಇದನ್ನು ಹಾಗೆಯೇ ಊರಿಗೆ ಹಂಚಿದರೆ, ಕೇಳಿ ಕಲಿಯುವ ಹುಡುಗರು ಇಲ್ಲದ ಶ್ರುತಿಯಲ್ಲಿ, ಇಲ್ಲದ ಕಾಲಪ್ರಮಾಣದಲ್ಲಿ ಕಲಿಯುತ್ತಾರೆ. ಇದು ನನಗೆ ಬಹಳ ಕಳವಳದ ವಿಷಯ.

ಅಳತೆಗೆ ಎರಡು ಆಧಾರ. ಒಂದು ಶ್ರುತಿ ಪೆಟ್ಟಿಗೆ. ಹಾಡುವ ಕಂಠ ಜಾರಬಹುದು, ಪೆಟ್ಟಿಗೆಯ ನಾಲಗೆ ಜಾರುವುದಿಲ್ಲ. ಎರಡು ಪದಗಳ ನಡುವೆ ಅದೊಂದೇ ಕೇಳುವ ಜಾಗ ಹುಡುಕಿ, ಮೊದಲ ಕ್ಯಾಸೆಟ್ಟಿನ ಮೊದಲ ಹತ್ತು ನಿಮಿಷದ ಶ್ರುತಿಗೆ ಉಳಿದದ್ದನ್ನು ಹೋಲಿಸುತ್ತೇನೆ. ಹೊಸ ಸೆಲ್ಲು ಹಾಕಿದ್ದು ಅಲ್ಲಿ ತಾನೆ. ಎರಡನೆಯದು ಕರೆಂಟಿನ ಗುಂಯ್ ಸದ್ದು. ಮೈಕ್ ಸೆಟ್ಟಿನಿಂದ ಅದು ರೆಕಾರ್ಡಿಗೆ ಸೇರಿರುತ್ತದೆ; ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಕಂಪ್ಯೂಟರಿನ ಚಿತ್ರದಲ್ಲಿ ಆ ಗೆರೆ 52ರಲ್ಲಿ ಕಂಡರೆ ಧ್ವನಿ ಶೇಕಡಾ 4 ವೇಗವಾಗಿ ಓಡುತ್ತಿದೆ ಎಂದು ಲೆಕ್ಕ. ಇಲ್ಲಿ ಒಂದು ಎಚ್ಚರ ಬೇಕು. ತೊಂಬತ್ತರ ದಶಕದಲ್ಲಿ ದಕ್ಷಿಣದ ಗ್ರಿಡ್ಡಿನ ಆವರ್ತನ ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ 50ಕ್ಕಿಂತ ಕೆಳಗಿಳಿದು 48ರ ಹತ್ತಿರಕ್ಕೂ ಹೋಗುತ್ತಿತ್ತು. ಜನರೇಟರ್ ಹಾಕಿದ ಆಟವಾದರೆ ಅದೂ ನಂಬಿಕೆಗಿಲ್ಲ. ಗುಂಯ್ ಸದ್ದು ಒಂದು ಸಾಕ್ಷಿ. ಶ್ರುತಿ ಪೆಟ್ಟಿಗೆಯೂ ಅದೇ ಹೇಳಿದರೆ ಮಾತ್ರ ಒಪ್ಪಿಕೊಳ್ಳುತ್ತೇನೆ. ತಿದ್ದಿದ್ದು ಯಾವಾಗಲೂ ಪ್ರತಿಯಲ್ಲಿ, ಮೂಲ ಕಡತದಲ್ಲಲ್ಲ.

11. ಡಾಲ್ಬಿ ಗುಂಡಿ

ಟೇಪಿನ ‘ಸ್ ಸ್’ ಸದ್ದನ್ನು ತಗ್ಗಿಸಲು ಡೆಕ್ಕಿನಲ್ಲಿ ಇರುವ ಗುಂಡಿ ಇದು. ಕವರಿನ ಮೇಲೆ ಡಾಲ್ಬಿಯ ಗುರುತು ಇದ್ದರೆ ಒತ್ತಿ, ಇಲ್ಲದಿದ್ದರೆ ಬೇಡ. ಬಯಲಿನ ರೆಕಾರ್ಡಿಂಗಿಗೆ ಬೇಡವೇ ಬೇಡ. ‘ಸ್ ಸ್’ ಸದ್ದು ಕಡಿಮೆಯಾಯಿತೆಂದು ಸಂತೋಷಪಡುವಾಗ ಅದರ ಜೊತೆ ತಾಳವೂ ಹೋಗಿರುತ್ತದೆ.

12. ರೀಲಿಗಿಂತ ಯಂತ್ರದ ಆಯುಷ್ಯ ಕಡಿಮೆ

ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ, ಕಾಂತದ ಟೇಪುಗಳನ್ನು ಇಳಿಸಿಕೊಳ್ಳಲು 2025 ಗಡುವು ಎಂದು ಎಚ್ಚರಿಸಿತ್ತು. 2019ರಲ್ಲಿ ಯುನೆಸ್ಕೊ ಕೂಡ ಇದೇ ವಿಷಯದಲ್ಲಿ ಜಗತ್ತಿನ ಸಂಗ್ರಹಕಾರರನ್ನು ಎಚ್ಚರಿಸುವ ಯೋಜನೆ ಕೈಗೊಂಡಿತು. ಅವರ ಚಿಂತೆ ರೀಲಿನ ಬಗ್ಗೆ ಎಷ್ಟೋ ಅಷ್ಟೇ ಯಂತ್ರದ ಬಗ್ಗೆ: ಒಳ್ಳೆಯ ಡೆಕ್ ತಯಾರಾಗುತ್ತಿಲ್ಲ, ಬಿಡಿಭಾಗ ಸಿಗುತ್ತಿಲ್ಲ, ರಿಪೇರಿ ತಿಳಿದವರು ಕಡಿಮೆಯಾಗುತ್ತಿದ್ದಾರೆ. ಆ ಗಡುವು ಬಂದೂ ಆಯಿತು. ಈಗ ಆನ್‌ಲೈನಿನಲ್ಲಿ ಸಿಗುವ, ನೇರ ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ಪ್ಲೇಯರುಗಳನ್ನು ನಾನು ಒಪ್ಪುವುದಿಲ್ಲ. ಅವುಗಳ ವೇಗ ಅಲುಗಾಡುತ್ತದೆ, ಶ್ರುತಿ ಪೆಟ್ಟಿಗೆಯ ಉದ್ದನೆಯ ಸ್ವರ ನಡುಗುತ್ತದೆ.

ಹಳೆಯ ಒಳ್ಳೆಯ ಡೆಕ್ ಸಿಕ್ಕಿದರೆ ಪ್ಲಗ್ ಹಾಕುವ ಮೊದಲು ಒಳಗೆ ನೋಡಿ. ಬೆಲ್ಟು ಕರಗಿ ಡಾಂಬರಿನಂತಾಗಿ ಚಕ್ರಗಳಿಗೆ ಮೆತ್ತಿರುತ್ತದೆ. ಅದನ್ನು ಪೂರ್ತಿ ತೆಗೆದು, ಹೊಸ ಬೆಲ್ಟು, ಹೊಸ ರಬ್ಬರ್ ರೋಲರ್ ಹಾಕಿ, ಬೇಡದ ಸಿನಿಮಾ ಕ್ಯಾಸೆಟ್ಟೊಂದನ್ನು ಎರಡೂ ಬದಿ ಪೂರ್ತಿ ಆಡಿಸಿ ನೋಡಿದ ಮೇಲೆಯೇ ಬೇರೆಯವರ ಮನೆಯ ಕ್ಯಾಸೆಟ್ಟು ಹಾಕಬೇಕು.

13. ಮೂಲವನ್ನು ತೊಳೆಯಬೇಡಿ

24 ಬಿಟ್, 96 ಕಿಲೊಹರ್ಟ್ಸ್, ವೇವ್ ಕಡತ. ಒಂದು ಗಂಟೆಯ ಸ್ಟೀರಿಯೊಗೆ ಸುಮಾರು 2 ಜಿಬಿ. ಇಂದಿನ ಹಾರ್ಡ್‌ಡಿಸ್ಕಿನ ಬೆಲೆಗೆ ಇದು ದೊಡ್ಡದಲ್ಲ. ಎಂಪಿ3 ಎಂಬುದು ಮನೆಯವರ ಮೊಬೈಲಿಗೆ ಕೊಡಲು, ಉಳಿಸಿಕೊಳ್ಳಲು ಅಲ್ಲ. ಮೂಲ ಕಡತದ ಪ್ರತಿಗಳು ಎರಡು ಬೇರೆ ಬೇರೆ ಮನೆಯಲ್ಲಿರಲಿ.

ಸದ್ದು ತೆಗೆಯುವ ಸಾಫ್ಟ್‌ವೇರು ವರ್ಷದಿಂದ ವರ್ಷಕ್ಕೆ ಉತ್ತಮವಾಗುತ್ತಿದೆ. ಇಂದು ತೊಳೆದು ಮೂಲ ಬಿಸಾಡಿದರೆ ನಾಳೆಯ ಸಾಧನಕ್ಕೆ ಕೊಡಲು ಏನೂ ಉಳಿಯುವುದಿಲ್ಲ. ಆ ಗದ್ದಲವೂ ಸುಮ್ಮನೆ ಗದ್ದಲವಲ್ಲ. ಗ್ಯಾಸ್‌ಲೈಟಿನ ಭುಸ್ ಸದ್ದು, ಕಡ್ಲೆ ಮಾರುವವರ ಕೂಗು, ಬಣ್ಣದ ವೇಷ ಬರುವಾಗ ಮಕ್ಕಳ ಕಿರುಚಾಟ, ಎದುರಾಳಿಗೆ ಉತ್ತರ ಸಿಕ್ಕಾಗ ಸಭೆಯಿಂದ ಏಳುವ ‘ಹೋ’. ಅರ್ಥಧಾರಿ ಆ ‘ಹೋ’ ಕೇಳಿಯೇ ಮುಂದಿನ ವಾಕ್ಯ ಕಟ್ಟಿದ್ದು.

ಇಳಿಸಿಕೊಂಡಾಯಿತೆಂದು ಕ್ಯಾಸೆಟ್ಟನ್ನು ಗುಜರಿಗೆ ಹಾಕಬಾರದು. ಆರಂಭಕ್ಕೆ ಸುತ್ತಿ, ಮೂಲೆಯ ಚೂರು ಮುರಿದು, ಪೆಟ್ಟಿಗೆಯೊಳಗೆ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಪ್ರತಿ ಮಳೆಗಾಲಕ್ಕೆ ಮೊದಲು ಜೆಲ್ಲನ್ನು ಬಿಸಿ ಮಾಡಿ ಒಣಗಿಸಬೇಕು.

14. ಹೆಸರು ಹೇಳಬಲ್ಲವರನ್ನು ಬೇಗ ಹುಡುಕಿ

‘ಗದಾಪರ್ವ ಭಾಗ 2’ ಎಂದಷ್ಟೇ ಇರುವ ಧ್ವನಿಯಲ್ಲಿ ಭಾಗವತರು ಯಾರು, ಮದ್ದಳೆಗೆ ಯಾರು, ಚೆಂಡೆಗೆ ಯಾರು, ಕೌರವನ ಅರ್ಥ ಯಾರದ್ದು ಎಂದು ಹೇಳಬಲ್ಲವರು ಈಗ ಎಪ್ಪತ್ತು, ಎಂಬತ್ತು ದಾಟಿದವರು. ಕವರು, ಲೇಬಲ್ಲು, ಒಳಗಿನ ಚೀಟಿ, ಕವಚದ ಎರಡೂ ಬದಿ, ಎಲ್ಲದರ ಫೋಟೊವನ್ನು ಧ್ವನಿಯ ಕಡತದ ಜೊತೆ ಅದೇ ಹೆಸರಿನಲ್ಲಿ ಇಡುತ್ತೇನೆ. ಅಂಟು ಬಿಟ್ಟ ಲೇಬಲ್ಲನ್ನು ಮೊದಲೇ ತೆಗೆದು ಚೀಲಕ್ಕೆ ಹಾಕುತ್ತೇನೆ, ಇಲ್ಲದಿದ್ದರೆ ಯಂತ್ರದೊಳಗೆ ಕಳಚಿ ಸಿಕ್ಕಿಕೊಳ್ಳುತ್ತದೆ.

ಇಳಿಸಿದ ವಾರದಲ್ಲೇ ಅದನ್ನು ಮೊಬೈಲಿಗೆ ಹಾಕಿಕೊಂಡು ಆ ಕಾಲದಲ್ಲಿ ಆಟ ನೋಡಿದವರ ಮನೆಗೆ ಹೋಗುತ್ತೇನೆ. ಫೋನಿನಲ್ಲಿ ಕೇಳಿಸುವುದಕ್ಕಿಂತ ಎದುರು ಕುಳಿತು, ಒಳ್ಳೆಯ ಸ್ಪೀಕರಿನಲ್ಲಿ, ಚೆಂಡೆಯ ಪೀಠಿಕೆಯಿಂದಲೇ ಕೇಳಿಸುವುದು ಒಳ್ಳೆಯದು. ಪದಕ್ಕಿಂತ ಮೊದಲು ಕೈಯ ಪೆಟ್ಟಿನಿಂದಲೇ ಮದ್ದಳೆಗಾರರ ಹೆಸರು ಹೇಳುವ ಹಿರಿಯರಿದ್ದಾರೆ. ಅವರು ಹೇಳಿದ್ದನ್ನು, ಹೇಳಿದವರ ಹೆಸರು ಮತ್ತು ಕೇಳಿದ ದಿನಾಂಕದ ಜೊತೆ ಕಡತದಲ್ಲಿ ಬರೆಯುತ್ತೇನೆ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆದು, ಮುಂದೆ ಪ್ರಶ್ನೆಯ ಗುರುತು ಹಾಕಿ ಬಿಡುತ್ತೇನೆ.